ಎಡೆಗೊಟ್ಟ ಮನೆಗಳು: ಪುಣೆಯ ಪೇಠಗಳಲ್ಲೊಂದು ಕಾಲ್ನಡಿಗೆ

ಕನ್ನಡದ 'ಪೇಟೆ'ಗೂ ಮರಾಠಿಯ 'ಪೇಠ'ಕ್ಕೂ ನಂಟು ಸ್ಪಷ್ಟವಾಗಿದ್ದರೂ ಬಳಕೆಯಲ್ಲಿ ತುಸು ಅಂತರವುಂಟು. ಕನ್ನಡ ನಾಡಿನಲ್ಲಿ ಪೇಟೆಯೆಂದೊಡನೆ ಕೊಡುಕೊಳ್ಳುವ ಸ್ಥಳವೇ ಮೊದಲು ಮನಸ್ಸಿಗೆ ಬರುತ್ತದೆ. ಪುಣೆಯಲ್ಲಾದರೋ ಪೇಠವೆಂದರೆ ಮನೆ, ಮಳಿಗೆ, ಗುಡಿ, ಬಾವಿ, ಗರಡಿಗಳನ್ನೆಲ್ಲ ಒಳಗೊಂಡ ಊರಿನ ಒಂದು ಭಾಗ. ಕಸಬಾ ಪೇಠ ಅವುಗಳಲ್ಲಿ ಅತ್ಯಂತ ಹಳೆಯದು. ವಾರದ ಏಳು ದಿನಗಳ ಹೆಸರಿನಲ್ಲಿ ಏಳು ಪೇಠಗಳಿವೆ. ಉಳಿದವುಗಳಲ್ಲಿ ಸದಾಶಿವ, ನಾರಾಯಣ, ನಾನಾ ಮೊದಲಾದವು ಪೇಶವೆ ಮನೆತನದವರ ಮತ್ತು ಆ ಕಾಲದ ಮುತ್ಸದ್ದಿಗಳ ಹೆಸರನ್ನು ಹೊತ್ತಿವೆ. ಪಶ್ಚಿಮದ ಸದಾಶಿವ, ನಾರಾಯಣ, ಶನಿವಾರ ಪೇಠಗಳಲ್ಲಿ ಬ್ರಾಹ್ಮಣ ಮನೆತನಗಳು ಹೆಚ್ಚಾಗಿ ನೆಲೆಸಿದ್ದವು. ಪೂರ್ವದ ಗಂಜ, ನಾನಾ, ಭವಾನಿ ಪೇಠಗಳಲ್ಲಿ ವರ್ತಕರು, ಮಾಳಿಗಳು, ಕುಶಲಕರ್ಮಿಗಳು, ಮುಸಲ್ಮಾನರು, ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟವರು ಇದ್ದರು. ಈ ತುದಿಯಿಂದ ಆ ತುದಿಗೆ ಎರಡು ಮೈಲಿಗಳಿಗಿಂತ ಹೆಚ್ಚಿನ ದೂರವಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಮೈಲಿಯನ್ನು ದಾಟಿದವರು ಪಟ್ಟ ಪಾಡು ಸಾಮಾನ್ಯವಾದುದಲ್ಲ.

ಪುಣೆಗೆ ಹೋದ ಪ್ರವಾಸಿಗಳು ವಾಡಿಕೆಯಂತೆ ಶನಿವಾರವಾಡೆಯಿಂದ ತಮ್ಮ ತಿರುಗಾಟವನ್ನು ಆರಂಭಿಸುತ್ತಾರೆ. ೧೭೩೦ರಲ್ಲಿ ಕಟ್ಟಲು ತೊಡಗಿದ ಆ ಅರಮನೆ ೧೮೨೮ರ ಬೆಂಕಿಗೆ ಆಹುತಿಯಾಗಿ, ಈಗ ಕೋಟೆಗೋಡೆ, ಹೆಬ್ಬಾಗಿಲು, ತಳಪಾಯಗಳು ಮಾತ್ರ ನಿಂತಿವೆ. ಅರಸೊತ್ತಿಗೆಯ ಚರಿತ್ರೆಯನ್ನು ಅರಿಯಬೇಕೆಂಬವರಿಗೆ ಅದು ಯೋಗ್ಯವಾದ ಸ್ಥಳವೇ ಸರಿ. ಸಮಾಜದ ಚಳವಳಿಗಳ ಹೆಜ್ಜೆ ಹಿಡಿದು ನಡೆಯಬೇಕೆಂಬವರು ಮಾತ್ರ ಪೂರ್ವ ದಿಕ್ಕಿನ ಗಂಜ ಪೇಠದಿಂದ ಹೊರಡುವುದು ಲೇಸು. ಹೊಸ ವಿಚಾರವೊಂದು ಗ್ರಂಥದಲ್ಲಿ ಹುಟ್ಟಬಹುದು, ಬಾಯಿಂದ ಬಾಯಿಗೆ ಹರಡಬಹುದು. ಆದರೆ ಅದನ್ನು ನಂಬಿದ ನಾಲ್ಕು ಜನ ಕೂಡಿ ಕುಳಿತುಕೊಳ್ಳಲು ಒಂದು ಎಡೆ ಬೇಕು. ಆ ಎಡೆಯನ್ನು ಕೊಟ್ಟವರಾರು, ಕೊಟ್ಟುದಕ್ಕಾಗಿ ಅವರು ತೆತ್ತುದೇನು ಎಂಬುದನ್ನು ಚರಿತ್ರೆಯ ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುತ್ತವೆ. ನಡೆದು ನೋಡುವವನಿಗೆ ಆ ಒಂದು ವಾಕ್ಯವೇ ಮುಖ್ಯವಾಗುತ್ತದೆ.

ಗಂಜ ಪೇಠಕ್ಕೆ ಈಗ ಮಹಾತ್ಮಾ ಫುಲೆ ಪೇಠವೆಂದು ಹೆಸರು. ಜೋತಿರಾವ್ ಫುಲೆಯವರು (೧೮೨೭-೧೮೯೦) ಬಾಳಿದ ಮನೆ ಇಲ್ಲಿ ಸ್ಮಾರಕವಾಗಿ ಉಳಿದಿದೆ. ಗೋರ್ಹೆ ಎಂಬುದು ಈ ಮನೆತನದ ಮೊದಲಿನ ಅಡ್ಡಹೆಸರು. ಪೇಶವೆಯರ ಆಸ್ಥಾನಕ್ಕೆ ಹೂ ಒದಗಿಸುವ ಕಾಯಕದಿಂದ 'ಫುಲೆ' ಎಂಬುದು ಬಂದಿತು. ಹೆಂಚು ಹೊದಿಸಿದ ಮಾಡು, ತಗ್ಗಾದ ಜಗಲಿ, ಅಂಗಳದಲ್ಲಿ ತುಲಸಿಯ ಕಟ್ಟೆ. ಶನಿವಾರವಾಡೆಯ ಗೋಡೆಯನ್ನು ಕಂಡ ಕಣ್ಣಿಗೆ ಇದು ಏನೂ ಅಲ್ಲ. ಆದರೆ ಅನ್ಯಾಯಕ್ಕೆ ತುತ್ತಾಗಿ ಗರ್ಭ ಧರಿಸಿದ ವಿಧವೆಯರು ಗುಟ್ಟಾಗಿ ಬಂದು ಹೆರಿಗೆಯಾಗಿ ಹೋಗಲು, ಹುಟ್ಟಿದ ಕೂಸು ಕೊಲೆಯಾಗದೆ ಬದುಕಲು, ೧೮೬೩ರಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ನಡೆಸಲು ತೊಡಗಿದವರು ಈ ಮನೆಯ ದಂಪತಿಗಳು. ಬ್ರಾಹ್ಮಣ ವಿಧವೆಯೊಬ್ಬಳಿಗೆ ಹುಟ್ಟಿದ ಯಶವಂತನನ್ನು ಅವರು ದತ್ತು ಮಾಡಿಕೊಂಡು ವೈದ್ಯನನ್ನಾಗಿ ಬೆಳೆಸಿದರು. ೧೮೭೩ರ ಸೆಪ್ಟೆಂಬರ್ ೨೪ರಂದು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದವರೂ ಜೋತಿರಾಯರೇ.

ಇಲ್ಲಿಯ ಹೌದದ ಬಗ್ಗೆ ಎರಡು ಮಾತು ಹೇಳಬೇಕು. ಉತ್ತರ ಕರ್ನಾಟಕದವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಫಾರಸಿಯ 'ಹೌಜ'ದಿಂದ ಬಂದು ಮರಾಠಿಯಲ್ಲಿಯೂ ಧಾರವಾಡ, ಬೆಳಗಾವಿಗಳ ಕನ್ನಡದಲ್ಲಿಯೂ ನೆಲೆನಿಂತ ಮಾತಿದು. ಹದಿನೆಂಟನೆಯ ಶತಮಾನದ ನಡುವೆ ಪೇಶವೆ ಬಾಳಾಜಿ ಬಾಜೀರಾಯನ ಕಾಲದಲ್ಲಿ ಕಾತ್ರಜ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರನ್ನು ತಂದು ಪೇಠಗಳ ಹೌದಗಳಿಗೆ ತುಂಬಿಸುತ್ತಿದ್ದರು. ಇಂಜಿನಿಯರಿಂಗಿನ ದೃಷ್ಟಿಯಿಂದ ಅದು ಮೆಚ್ಚತಕ್ಕ ಕೆಲಸ. ನೀರು ಬೆಟ್ಟದಿಂದ ಊರಿಗೆ ಬಂದಿತು. ಹೌದದಿಂದ ಅಸ್ಪೃಶ್ಯರ ಕೊಡಕ್ಕೆ ಮಾತ್ರ ಬರಲಿಲ್ಲ. ೧೮೬೮ರಲ್ಲಿ ಜೋತಿರಾಯರು ತಮ್ಮ ಮನೆಯ ಹೌದವನ್ನು ಅವರಿಗೆ ತೆರೆದಿಟ್ಟರು. ಅಸ್ಪೃಶ್ಯತೆಯನ್ನು ಖಂಡಿಸಿ ಬರೆದವರು ಆಗಲೂ ಇದ್ದರು. ತಾವೂ ತಮ್ಮ ಹೆಂಡತಿಯೂ ಕುಡಿಯುವ ನೀರಿನಲ್ಲಿ ಅವರ ಕೊಡ ಅದ್ದಲಿ ಎಂದು ಕರೆದವರು ವಿರಳ.

ಇಲ್ಲಿಂದ ಪಶ್ಚಿಮೋತ್ತರವಾಗಿ ಸುಮಾರು ಒಂದು ಮೈಲಿ ನಡೆದರೆ ಬುಧವಾರ ಪೇಠ. ದಗಡೂಶೇಠ ಹಲವಾಯಿ ಗಣಪತಿಯ ಗುಡಿಯ ಎದುರು ಭಿಡೆ ವಾಡೆ ಇದ್ದಿತು. ೧೮೪೮ರಲ್ಲಿ ಜೋತಿರಾಯರು ಹೆಣ್ಣುಮಕ್ಕಳ ಶಾಲೆಯನ್ನು ತೆರೆಯಲು ಯೋಚಿಸಿದಾಗ, ತಾತ್ಯಾಸಾಹೇಬ ಭಿಡೆಯವರು ತಮ್ಮ ಈ ವಾಡೆಯಲ್ಲಿ ಸ್ಥಳ ಬಿಟ್ಟುಕೊಟ್ಟರು. ಜೋತಿರಾಯರಿಗೆ ಆಗ ಇಪ್ಪತ್ತೊಂದು ವರ್ಷ, ಸಾವಿತ್ರಿಬಾಯಿಯವರಿಗೆ ಹದಿನೇಳು. ಬ್ರಾಹ್ಮಣ ಗೃಹಸ್ಥನೊಬ್ಬ ಮಾಳಿ ಜಾತಿಯ ತರುಣನಿಗೆ, ಅದೂ ಊರಿನ ನಡುಬೀದಿಯಲ್ಲಿ, ಹೆಣ್ಣುಮಕ್ಕಳನ್ನು ಓದಿಸಲು ಮನೆ ಕೊಡುವುದೆಂದರೆ ಆ ಕಾಲಕ್ಕೆ ಎಂಥ ಸಾಹಸವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಭಿಡೆಯವರ ಹೆಸರು ಇಂದು ಆ ವಾಡೆಯ ಹೆಸರಿನಲ್ಲಿ ಮಾತ್ರ ಉಳಿದಿದೆ.

ಸಾವಿತ್ರಿಬಾಯಿಯವರು ಶಾಲೆಗೆ ಹೋಗುವ ದಾರಿಯಲ್ಲಿ ಜನ ಅವರ ಮೇಲೆ ಸಗಣಿ, ಕೆಸರು, ಕಲ್ಲು ಎಸೆಯುತ್ತಿದ್ದರೆಂದೂ, ಶಾಲೆ ಮುಟ್ಟಿದ ಮೇಲೆ ಉಡಲು ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂದೂ ಪ್ರಸಿದ್ಧವಾಗಿದೆ. ಈ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಕಿರಿದಾದ ಓಣಿಗಳಲ್ಲಿ ಒಮ್ಮೆ ನಡೆದು ಬಂದವರಿಗೆ ಅದರ ಅರ್ಥವೇ ಬೇರೆಯಾಗುತ್ತದೆ. ಎರಡು ಕಡೆಯ ಮನೆಗಳು ಎದುರುಬದುರಾಗಿ ಒತ್ತಿಕೊಂಡಿರುವ ದಾರಿಯಲ್ಲಿ ತಪ್ಪಿಸಿಕೊಂಡು ಹೋಗಲು ಎಡೆಯಿಲ್ಲ. ಎಸೆಯುವವನ ಮುಖ ಕಾಣದಿರುವಷ್ಟು ದೂರವೂ ಇಲ್ಲ. ಗುರುತಿನ ಮುಖಗಳನ್ನು ಪ್ರತಿದಿನ ಹಾಯ್ದು ಹೋಗಿ, ಸೀರೆ ಬದಲಿಸಿ, ಅಕ್ಷರ ಹೇಳಿಕೊಟ್ಟು, ಸಂಜೆ ಅದೇ ಮುಖಗಳ ನಡುವೆ ಹಿಂದಿರುಗಬೇಕಾಗಿದ್ದಿತು.

ಜಾತಿಯವರ ಒತ್ತಡಕ್ಕೆ ಮಣಿದು ತಂದೆ ಗೋವಿಂದರಾಯರು ೧೮೪೯ರಲ್ಲಿ ಮಗನನ್ನೂ ಸೊಸೆಯನ್ನೂ ಮನೆಯಿಂದ ಹೊರಹಾಕಿದರು. ಆಗ ಅವರಿಗೆ ಎಡೆ ಕೊಟ್ಟವರು ಗಂಜ ಪೇಠದ ಉಸ್ಮಾನ್ ಶೇಖರು. ೧೮೫೬ರಲ್ಲಿ ಸಾವಿತ್ರಿಬಾಯಿಯವರು ತವರಿನಿಂದ ಗಂಡನಿಗೆ ಬರೆದ ಪತ್ರದಲ್ಲಿ, ತಾವಿಲ್ಲದಾಗ ಕೆಲಸದ ಭಾರ ಹೊತ್ತ ಫಾತಿಮಾ ಎಂಬವರ ಹೆಸರು ಬರುತ್ತದೆ. ನಡುವೆ ನಿಂತುಹೋಗಿದ್ದ ಶಾಲೆ ೧೮೫೧ರಲ್ಲಿ ಅದೇ ಬುಧವಾರ ಪೇಠದ ಚಿಪಳೂಣಕರರ ವಾಡೆಯಲ್ಲಿ ಮತ್ತೆ ತಲೆಯೆತ್ತಿತು. ಅನಂತರ ರಾಸ್ತಾ ಪೇಠ, ವೇತಾಳ ಪೇಠಗಳಲ್ಲಿ ಬೇರೆ ಶಾಲೆಗಳು ಹುಟ್ಟಿದವು. ಮಾಂಗ ಜಾತಿಯ ವಿದ್ಯಾರ್ಥಿನಿ ಮುಕ್ತಾಬಾಯಿ ತನ್ನವರ ದುಃಖವನ್ನು ಕುರಿತು ಬರೆದ ನಿಬಂಧವನ್ನು ೧೮೫೫ರಲ್ಲಿ 'ಜ್ಞಾನೋದಯ' ಪತ್ರಿಕೆ ಪ್ರಕಟಿಸಿತು. ಶಾಲೆಗೆ ಸೇರಿ ಮೂರು ವರ್ಷಗಳಲ್ಲಿ ಒಬ್ಬ ಬಾಲಿಕೆ ಧರ್ಮಶಾಸ್ತ್ರವನ್ನೇ ಪ್ರಶ್ನಿಸುವಷ್ಟು ಓದಿದಳೆಂದರೆ, ಕಲಿಸಿದವರ ಯೋಗ್ಯತೆಗೆ ಬೇರೆ ಸಾಕ್ಷಿ ಬೇಡ.

ಭಿಡೆ ವಾಡೆ 'ಇದ್ದಿತು' ಎಂದು ಮೇಲೆ ಹೇಳಿದುದಕ್ಕೆ ಕಾರಣವುಂಟು. ಕೆಳಗೆ ಅಂಗಡಿಗಳು ತುಂಬಿ, ಮೇಲಿನ ಅಂತಸ್ತು ಕುಸಿದು, ಮರಗಿಡಗಳು ಬೆಳೆದು, ವ್ಯಾಜ್ಯದಲ್ಲಿ ಸಿಕ್ಕು ಅದು ದಶಕಗಳ ಕಾಲ ಹಾಳುಸುರಿಯಿತು. ೨೦೨೩ರ ಕೊನೆಯಲ್ಲಿ ನ್ಯಾಯಾಲಯದ ತೀರ್ಪಾದ ಮೇಲೆ, ಡಿಸೆಂಬರಿನ ಒಂದು ರಾತ್ರಿ, ಸ್ಮಾರಕ ಕಟ್ಟುವುದಕ್ಕಾಗಿ ಮಹಾನಗರಪಾಲಿಕೆಯವರು ಅದನ್ನು ನೆಲಸಮ ಮಾಡಿದರು. ಬೇರೆ ಉಪಾಯವಿರಲಿಲ್ಲವೆಂದು ಹೇಳುವುದು ಸುಲಭ. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಐವತ್ತು ವರ್ಷಗಳ ಹಿಂದೆ ಎಚ್ಚರಗೊಂಡಿದ್ದರೆ ಆ ಗೋಡೆಗಳನ್ನೇ ಸ್ಮಾರಕವಾಗಿ ಉಳಿಸಿಕೊಳ್ಳಬಹುದಿತ್ತು.

ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ವಿಶ್ರಾಮಬಾಗ ವಾಡೆ ಸಿಗುತ್ತದೆ. ಎರಡನೆಯ ಬಾಜೀರಾಯ ೧೮೦೭ರಲ್ಲಿ ಕಟ್ಟಿ ಮುಗಿಸಿದ ಈ ಮನೆಯ ಮುಂಭಾಗದ ಮರದ ಕೆತ್ತನೆ ನೋಡತಕ್ಕದ್ದು. ಪೇಶವೆ ಆಳ್ವಿಕೆ ಮುಗಿದ ಮೂರು ವರ್ಷಕ್ಕೆ, ಎಂದರೆ ೧೮೨೧ರಲ್ಲಿ, ಇಂಗ್ಲಿಷರು ಇಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ನ್ಯಾಯ, ವ್ಯಾಕರಣ, ವೇದಾಂತಗಳ ಅಧ್ಯಯನ ಆರಂಭದಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಮಾತ್ರ. ಶಾಸ್ತ್ರವಿದ್ಯೆಯ ರಕ್ಷಣೆ ಸಣ್ಣ ಕೆಲಸವಲ್ಲ. ಆದರೆ ವಿದ್ಯೆ ಕಾಯುವವರು ಬಾಗಿಲನ್ನೂ ಕಾಯತೊಡಗಿದಾಗ ವಿದ್ಯೆಯೇ ಬಡವಾಗುತ್ತದೆ. ಇದೇ ವಾಡೆಯಲ್ಲಿ ೧೮೫೨ರ ನವೆಂಬರ್ ೧೬ರಂದು ಸರಕಾರದ ಪರವಾಗಿ ಮೇಜರ್ ಕ್ಯಾಂಡಿಯವರು ಜೋತಿರಾಯರಿಗೆ ಶಾಲು ಹೊದಿಸಿ ಸನ್ಮಾನಿಸಿದರು. ನಾಲ್ಕು ವರ್ಷಗಳ ಹಿಂದೆ ಸಗಣಿಯೆಸೆತವನ್ನು ಕಂಡ ಪೇಠಗಳು ಆ ದಿನ ಶಾಲನ್ನೂ ಕಂಡವು. ಎಸೆದವರ ಮನಸ್ಸು ಇದರಿಂದ ತಿರುಗಿತೆಂದು ತಿಳಿಯಬಾರದು. ೧೮೭೫ರಲ್ಲಿ ದಯಾನಂದ ಸರಸ್ವತಿಯವರ ಮೆರವಣಿಗೆಯಲ್ಲಿ ನ್ಯಾಯಮೂರ್ತಿ ರಾನಡೆಯವರೊಡನೆ ಜೋತಿರಾಯರೂ ನಡೆದರು. ವಿರೋಧಿಗಳು ಕತ್ತೆಯೊಂದನ್ನು ಸಿಂಗರಿಸಿ ಎದುರು ಮೆರವಣಿಗೆ ಹೊರಡಿಸಿದರು. ರಾನಡೆಯವರ ಮೈಮೇಲೂ ಕೆಸರು ಬಿದ್ದಿತು.

ಲಕ್ಷ್ಮೀ ರಸ್ತೆಗೆ ಬಂದರೆ ಹುಜೂರಪಾಗಾ. 'ಪಾಗಾ' ಎಂದರೆ ಕುದುರೆ ಲಾಯ. ಪೇಶವೆಯರ ಖಾಸಾ ಕುದುರೆಗಳನ್ನು ಕಟ್ಟುತ್ತಿದ್ದ ಸ್ಥಳವಿದು. ರಾನಡೆ, ಭಾಂಡಾರಕರ, ಮೋಡಕ ಮೊದಲಾದವರು ೧೮೮೪ರಲ್ಲಿ ಸ್ಥಾಪಿಸಿದ ಬಾಲಿಕೆಯರ ಪ್ರೌಢಶಾಲೆ ಮುಂದೆ ಇಲ್ಲಿ ನೆಲೆಗೊಂಡು ಆ ಹೆಸರಿನಿಂದಲೇ ಪ್ರಖ್ಯಾತವಾಯಿತು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಮೊದಲಾದ ವಿಷಯಗಳನ್ನು ಇಷ್ಟು ಹೊತ್ತು ಕಲಿಸಿದರೆ ಗೃಹಕೃತ್ಯ ಕೆಡುತ್ತದೆಂದು ಟಿಳಕರ ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಆ ದೇಶಭಕ್ತನ ಮೇಲಿನ ಗೌರವಕ್ಕಾಗಿ ಈ ಮಾತನ್ನು ಮರೆಮಾಚಬೇಕಾದುದಿಲ್ಲ.

ಇಲ್ಲಿ ಕನ್ನಡ ನಾಡಿನ ಒಬ್ಬ ವಿದುಷಿಯನ್ನು ನೆನೆಯಬೇಕು. ಪಂಡಿತಾ ರಮಾಬಾಯಿಯವರು ೧೮೫೮ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಆಕ್ಷೇಪ ಬಂದಾಗ, ಉಡುಪಿಯಲ್ಲಿ ನೆರೆದ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳನ್ನಿತ್ತು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಪುರಾಣ ಹೇಳುತ್ತ ಆ ಸಂಸಾರ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆಯಿತು. ಕ್ಷಾಮದಲ್ಲಿ ತಂದೆತಾಯಿ ತೀರಿಕೊಂಡರು. ಮಗಳಿಗೆ ೧೮೭೮ರಲ್ಲಿ ಕಲಕತ್ತೆಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ೧೮೮೨ರಲ್ಲಿ ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರೂ ಜೋತಿರಾಯರೂ ತಮ್ಮ ತಮ್ಮ ಅಭಿಪ್ರಾಯವನ್ನು ಮಂಡಿಸಿದರು. ವಿಧವೆಯರಿಗಾಗಿ ಮುಂಬಯಿಯಲ್ಲಿ ೧೮೮೯ರಲ್ಲಿ ತೆರೆದ ಶಾರದಾ ಸದನವನ್ನು ಮರುವರ್ಷ ಪುಣೆಗೆ ತಂದರು. ಅವರು ಕ್ರೈಸ್ತ ಮತವನ್ನು ಸ್ವೀಕರಿಸಿದ್ದುದರಿಂದ ೧೮೯೩ರಲ್ಲಿ ದೊಡ್ಡ ಕೋಲಾಹಲವೆದ್ದು ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮತಾಂತರದ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ್ದ ಆ ಬಾಲೆಯರಿಗೆ ಅದಕ್ಕೆ ಮೊದಲು ಈ ಪೇಠಗಳಲ್ಲಿ ಎಷ್ಟು ಮನೆಗಳ ಬಾಗಿಲು ತೆರೆದಿದ್ದವೆಂಬ ಪ್ರಶ್ನೆಗೆ ಕೋಲಾಹಲ ಎಬ್ಬಿಸಿದವರಲ್ಲಿ ಉತ್ತರವಿರಲಿಲ್ಲ.

ನಾರಾಯಣ ಪೇಠದ ಗಾಯಕವಾಡ ವಾಡೆಯನ್ನು ಟಿಳಕರು ೧೯೦೫ರಲ್ಲಿ ಕೊಂಡರು, ಅದೇ ಕೇಸರಿವಾಡೆ. ೧೮೮೧ರಲ್ಲಿ 'ಕೇಸರಿ' ಆರಂಭವಾದಾಗ ಅದರ ಮೊದಲ ಸಂಪಾದಕರಾಗಿದ್ದವರು ಗೋಪಾಳ ಗಣೇಶ ಆಗರಕರರು. ಸ್ವರಾಜ್ಯ ಮೊದಲೋ ಸಮಾಜಸುಧಾರಣೆ ಮೊದಲೋ ಎಂಬ ವಾದದಲ್ಲಿ ಗೆಳೆಯರಿಬ್ಬರೂ ಬೇರೆಯಾದರು. ಆಗರಕರರು ೧೮೮೮ರಲ್ಲಿ 'ಸುಧಾರಕ' ಪತ್ರಿಕೆಯನ್ನು ತೆರೆದರು. ಬದುಕಿರುವಾಗಲೇ ಅವರ ಅಣಕು ಶವಯಾತ್ರೆಯನ್ನು ವಿರೋಧಿಗಳು ಪುಣೆಯ ಬೀದಿಗಳಲ್ಲಿ ಹೊರಡಿಸಿದರು. ೧೮೯೫ರಲ್ಲಿ ಕಾಂಗ್ರೆಸ್ ಅಧಿವೇಶನ ಪುಣೆಯಲ್ಲಿ ಸೇರಿತು. ಕಾಂಗ್ರೆಸ್ಸಿನ ಚಪ್ಪರದಲ್ಲಿಯೇ ಸಾಮಾಜಿಕ ಪರಿಷತ್ತನ್ನೂ ನಡೆಸುವ ವಾಡಿಕೆ ಕೆಲವು ವರ್ಷಗಳಿಂದ ಬೆಳೆದುಬಂದಿತ್ತು. ಅದಕ್ಕೆ ಎಡೆ ಕೊಟ್ಟರೆ ಚಪ್ಪರಕ್ಕೆ ಬೆಂಕಿಯಿಡುವೆವೆಂಬ ಬೆದರಿಕೆ ಬಂದಿತು. ರಾನಡೆಯವರು ಹಟ ಹಿಡಿಯದೆ ಪರಿಷತ್ತನ್ನು ಬೇರೆಡೆಗೆ ಒಯ್ದರು. ಇದನ್ನು ಅವರ ದೌರ್ಬಲ್ಯವೆಂದವರುಂಟು. ಸಭೆ ನಡೆಯದೆ ಹೋಗುವುದಕ್ಕಿಂತ ಇನ್ನೊಂದು ಚಪ್ಪರದಲ್ಲಿ ನಡೆಯುವುದು ಮೇಲೆಂದು ಅವರು ಬಗೆದುದು ತಪ್ಪೆನ್ನಲಾಗದು.

ಇಲ್ಲಿಂದ ಲಕಡೀ ಪೂಲ್ ದಾಟಬೇಕು. ಹೆಸರಿಗೆ ಮರದ ಸೇತುವೆ, ಈಗ ಮರದ್ದಲ್ಲ. ಮುಠಾ ನದಿಯ ಆಚೆ ಫರ್ಗ್ಯುಸನ್ ಕಾಲೇಜು. ೧೮೮೪ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪವೇತನಕ್ಕೆ ಇಪ್ಪತ್ತು ವರ್ಷ ಕಲಿಸುವ ವ್ರತ ತೊಟ್ಟವರು. ಗೋಖಲೆಯವರು ಅಂಥವರಲ್ಲೊಬ್ಬರು, ಗಣಿತದ ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು ಇನ್ನೊಬ್ಬರು. ಕರ್ವೆಯವರು ೧೮೯೩ರಲ್ಲಿ ಶಾರದಾ ಸದನದ ವಿದ್ಯಾರ್ಥಿನಿಯಾಗಿದ್ದ ವಿಧವೆ ಗೋದೂಬಾಯಿಯನ್ನು ವಿವಾಹವಾಗಿ ಹುಟ್ಟೂರಿನ ಬಹಿಷ್ಕಾರಕ್ಕೆ ಗುರಿಯಾದರು. ಅವರ ವಿಧವಾಶ್ರಮಕ್ಕೆ ನೆಲ ಬೇಕಾದಾಗ ಗಣೇಶ ಗೋವಿಂದ ಗೋಖಲೆಯವರು ಊರ ಹೊರಗಿನ ಹಿಂಗಣೆಯಲ್ಲಿ ಆರು ಎಕರೆ ಭೂಮಿಯನ್ನೂ ಕಟ್ಟಡಕ್ಕೆಂದು ೭೫೦ ರೂಪಾಯಿಗಳನ್ನೂ ಕೊಟ್ಟರು. ೧೯೦೦ರಲ್ಲಿ ಅಲ್ಲಿ ಎದ್ದುದು ಒಂದು ಗುಡಿಸಲು. ಕಾಲೇಜಿನ ಪಾಠ ಮುಗಿಸಿ ಕರ್ವೆಯವರು ಸಂಜೆ ಕೆಸರುದಾರಿಯಲ್ಲಿ ಅಲ್ಲಿಗೆ ನಡೆದು ಹೋಗಿ, ಹುಡುಗಿಯರಿಗೆ ಪಾಠ ಹೇಳಿ, ಬೆಳಗ್ಗೆ ಮರಳಿ ನಗರಕ್ಕೆ ನಡೆದು ಬರುತ್ತಿದ್ದರು. ೧೯೧೬ರ ಮಹಿಳಾ ವಿದ್ಯಾಪೀಠಕ್ಕೆ ಆ ಗುಡಿಸಲೇ ಬೀಜ.

ಅದೇ ೧೯೧೬ರಲ್ಲಿ, ನವೆಂಬರ್ ೧೩ರಂದು, ಬೆಳಗಾವಿಯಲ್ಲಿ ಗಿಲಗಂಚಿ-ಅರಟಾಳರ ಹೆಸರಿನ ಶಾಲೆ ಆರಂಭವಾಯಿತು. ಅದರ ಸ್ಥಾಪಕರಾದ ಏಳು ಮಂದಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದವರು ಪುಣೆಯಲ್ಲಿ ಓದುವಾಗ ಈ ಆಜೀವ ಸದಸ್ಯರ ಬಾಳನ್ನು ಕಣ್ಣಾರೆ ಕಂಡವರು. ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಆಜೀವ ಸದಸ್ಯತ್ವದ ಪದ್ಧತಿ ಅಲ್ಲಿಂದ ಬಂದುದು. ಕನ್ನಡ ನಾಡಿಗೆ ಪುಣೆಯಿಂದ ಬಂದ ವಸ್ತುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಬೇರೊಂದು ಇರಲಾರದು.

ಹಿಂದಿರುಗುವಾಗ ದಕ್ಷಿಣದ ಪರ್ವತಿ ಗುಡ್ಡವನ್ನು ಹತ್ತಿ ಇಳಿಯಬೇಕು. ಗುಡ್ಡದ ಬುಡದ 'ರಮಣಾ' ಎಂಬ ಆವರಣದಲ್ಲಿ ಪೇಶವೆಯರು ಶ್ರಾವಣಮಾಸದಲ್ಲಿ ವಿದ್ವಾಂಸರಿಗೆ ದಕ್ಷಿಣೆ ಹಂಚುತ್ತಿದ್ದರು. ದೂರದೂರದ ಶಾಸ್ತ್ರಿಗಳು ಅಲ್ಲಿ ನೆರೆಯುತ್ತಿದ್ದರು. ಅದೇ ಬುಡದಲ್ಲಿ ೧೯೨೯ರ ಅಕ್ಟೋಬರಿನಲ್ಲಿ ಶಿವರಾಮ ಜಾನಬಾ ಕಾಂಬಳೆ, ಪಾಂ. ನಾ. ರಾಜಭೋಜರ ಮುಂದಾಳುತನದಲ್ಲಿ ಅಸ್ಪೃಶ್ಯರು ದೇವರ ದರ್ಶನಕ್ಕಾಗಿ ಸತ್ಯಾಗ್ರಹ ಹೂಡಿದರು. ಎಸ್. ಎಂ. ಜೋಶಿ, ಎನ್. ಜಿ. ಗೋರೆಯವರಂಥ ಬ್ರಾಹ್ಮಣ ತರುಣರೂ ಅವರೊಡನೆ ನಿಂತರು. ಕಲ್ಲುಗಳು ಬಿದ್ದವು, ರಕ್ತ ಸುರಿಯಿತು, ಬಾಗಿಲು ತೆರೆಯಲಿಲ್ಲ. ನೂರಕ್ಕೂ ಮಿಕ್ಕ ಆ ಮೆಟ್ಟಿಲುಗಳನ್ನು ಈಗ ಯಾರೂ ಹತ್ತಬಹುದು. ಬೆಳಗಿನ ವಾಯುಸೇವನೆಗೆ ಬರುವವರೇ ಬಹಳ.

ಕೊನೆಯದಾಗಿ ಪೂರ್ವಕ್ಕೆ ನಡೆದು ನಾನಾ ಪೇಠವನ್ನು ಸೇರಿದರೆ ಅಹಲ್ಯಾಶ್ರಮ. ಇದನ್ನು ಕಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ೧೮೭೩ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಸುತ್ತಲೂ ಕನ್ನಡ ಕೇಳುತ್ತ ಬೆಳೆದವರು. ಕನ್ನಡ-ಮರಾಠಿಗಳ ಸಂಬಂಧವನ್ನು ಕುರಿತು ಮುಂದೆ ಪಾಂಡಿತ್ಯಪೂರ್ಣವಾಗಿ ಬರೆದರು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಆಕ್ಸಫರ್ಡಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಬಂದು, ೧೯೦೬ರಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕಾಗಿ ಮಿಷನ್ನನ್ನು ಸ್ಥಾಪಿಸಿದರು. ೧೯೦೮ರಲ್ಲಿ ಅದರ ಪುಣೆಯ ಶಾಖೆ ತೆರೆಯಿತು. ಆಶ್ರಮಕ್ಕೆ ಇಂದೂರಿನ ಹೋಳಕರರು ದ್ರವ್ಯವಿತ್ತುದರಿಂದ ಅಹಲ್ಯಾಬಾಯಿಯ ಹೆಸರು ಬಂದಿತು. ಪಶ್ಚಿಮದ ಪೇಠಗಳಲ್ಲಿಯೋ ನದಿಯಾಚೆಯ ಬಯಲಿನಲ್ಲಿಯೋ ಕಟ್ಟದೆ, ಯಾರಿಗಾಗಿ ಕಟ್ಟಿದರೋ ಅವರ ಕೇರಿಯ ನಡುವೆಯೇ ಶಾಲೆಯನ್ನೂ ವಸತಿಯನ್ನೂ ಕಟ್ಟಿದರು. ಅಲ್ಲಿಯ ಮಕ್ಕಳು ಓದಲು ಯಾರ ಓಣಿಯನ್ನೂ ದಾಟಿ ಹೋಗಬೇಕಾಗಲಿಲ್ಲ. ಅಲ್ಲಿಂದ ಗಂಜ ಪೇಠದ ಹೌದದವರೆಗೆ ಹದಿನೈದು ನಿಮಿಷದ ದಾರಿ.